ಕರಾಟೆ, ಜೂಡೋ, ಕುಸ್ತಿ... ತುಮಕೂರಿನಲ್ಲಿ ಸರಿಯಾದ ಗುರು ಹುಡುಕುವುದು ಹೇಗೆ?

ಬಟವಾಡಿಯ ತಾಯಿ

ಎಲ್ಲರಿಗೂ ನಮಸ್ಕಾರ. ಮಗಳು ನಾಲ್ಕನೇ ಕ್ಲಾಸು. ಶಾಲೆಯಿಂದ ಕರಾಟೆಗೆ ಹೆಸರು ಕೊಡಿ ಅಂತ ಚೀಟಿ ಬಂದಿದೆ. ನಮ್ಮ ಯಜಮಾನರು ಜೂಡೋಗೆ ಸೇರಿಸೋಣ ಅನ್ನುತ್ತಾರೆ. ಮಾವನವರು ಹುಡುಗರಾಗಿದ್ದಾಗ ಗರಡಿಗೆ ಹೋದವರು, ಅವರಿಗೆ ಕುಸ್ತಿ ಮೇಲೆ ಪ್ರೀತಿ. ನನಗೂ ಕಲಿಯುವ ಆಸೆ ಇದೆ. ಕಾಲೇಜಿನಲ್ಲಿದ್ದಾಗ ಸ್ವಲ್ಪ ದಿನ ಕರಾಟೆ ಮಾಡಿದ್ದೆ. ಆಮೇಲೆ ಮದುವೆ, ಕೆಲಸ, ಮಗು ಅಂತ ನಿಂತುಹೋಯಿತು. ಈಗ ಮೂವತ್ತೈದು ದಾಟಿದೆ.

ಯಾವುದನ್ನು ಕಲಿಯಬೇಕು ಅನ್ನುವುದು ಒಂದು ಪ್ರಶ್ನೆ. ಅದಕ್ಕಿಂತ ಜಾಸ್ತಿ ತಲೆ ತಿನ್ನುತ್ತಿರುವುದು ಇನ್ನೊಂದು. ಹೇಳಿಕೊಡುವವರು ಸರಿಯಾದವರಾ ಅಂತ ಏನೂ ಗೊತ್ತಿಲ್ಲದ ನಮ್ಮಂಥವರು ಕಂಡುಹಿಡಿಯುವುದು ಹೇಗೆ? ಎಲ್ಲರ ಗೋಡೆ ಮೇಲೂ ಫೋಟೋ, ಪದಕ, ಸರ್ಟಿಫಿಕೇಟ್ ಇರುತ್ತವೆ. ದಯವಿಟ್ಟು ಯಾರ ಹೆಸರೂ ಬೇಡ, ಹೊಗಳುವುದಕ್ಕೂ ಬೇಡ, ತೆಗಳುವುದಕ್ಕೂ ಬೇಡ. ಏನು ನೋಡಬೇಕು ಅಂತ ಹೇಳಿದರೆ ಸಾಕು.

ಶಿರಾ ಗೇಟ್

ಬೆಲ್ಟ್ ವಿಷಯ ಮೊದಲೇ ಕೇಳಿಕೊಳ್ಳಿ ಮೇಡಂ. ನಮ್ಮ ಮಗ ಹೋಗುತ್ತಿದ್ದ ಕಡೆ ಮೂರು ತಿಂಗಳಿಗೊಮ್ಮೆ ಗ್ರೇಡಿಂಗ್, ಅಂದರೆ ಮುಂದಿನ ಬೆಲ್ಟಿಗೆ ಪರೀಕ್ಷೆ. ಅದಕ್ಕೆ ಬೇರೆ ಫೀಸು, ಬೆಲ್ಟಿಗೆ ಬೇರೆ, ಸರ್ಟಿಫಿಕೇಟಿಗೆ ಬೇರೆ, ಟೂರ್ನಮೆಂಟಿಗೆ ಕರೆದುಕೊಂಡು ಹೋದರೆ ಬೇರೆ. ದುಡ್ಡು ಹೋಗಲಿ, ಹೇಗೋ ಹೊಂದಿಸಿ ಕಟ್ಟುತ್ತಿದ್ದೆವು. ಆದರೆ ಯಾವ ಸಲವೂ ಒಬ್ಬ ಮಗುವೂ ಫೇಲ್ ಆಗಲಿಲ್ಲ. ಮಗ ಹಸಿರು ಬೆಲ್ಟ್ ಕಟ್ಟಿಕೊಂಡು ಬಂದ ದಿನ ಒಂದು ಕಟಾ (ಒಬ್ಬರೇ ಕ್ರಮವಾಗಿ ಮಾಡುವ ಹೊಡೆತ, ತಡೆಗಳ ಪಾಠ) ಮಾಡಿ ತೋರಿಸಪ್ಪ ಅಂದೆ. ಅರ್ಧಕ್ಕೆ ನಿಂತ. ತನಗೆ ಬರುವುದಿಲ್ಲ ಅಂತ ಅವನಿಗೇ ಗೊತ್ತಿತ್ತು. ಮುಖ ಸಣ್ಣ ಮಾಡಿಕೊಂಡು ಬೆಲ್ಟ್ ಬಿಚ್ಚಿಟ್ಟ. ನನಗೆ ನೋವಾಗಿದ್ದು ಅದಕ್ಕೆ. ಮಕ್ಕಳಿಗೆ ಎಲ್ಲಾ ಅರ್ಥ ಆಗುತ್ತದೆ.

ಕೆಮ್ಮಣ್ಣು

ಗರಡಿಯಲ್ಲಿ ಬೆಳೆದವನು ನಾನು. ನಮ್ಮಲ್ಲಿ ಬೆಲ್ಟೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಮಣ್ಣಿಗಿಳಿದರೆ ಯಾರಿಗೆ ಎಷ್ಟು ಬರುತ್ತದೆ ಅಂತ ಊರಿಗೇ ಕಾಣುತ್ತದೆ. ನಮ್ಮ ನಾಡಿನಲ್ಲಿ ಇದು ಇವತ್ತಿನ ವಿದ್ಯೆಯಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರ ಊಟ, ಸಾಮು, ಪಟ್ಟು ಎಲ್ಲದಕ್ಕೂ ಒಂದು ಭಾಗವೇ ಇದೆ.

ಉಸ್ತಾದರನ್ನು, ಅಂದರೆ ಗರಡಿಯ ಗುರುವನ್ನು, ಅಳೆಯುವುದಕ್ಕೆ ಒಂದೇ ಜಾಗ ನೋಡಿ ತಾಯಿ: ಜೋಡಿ ಕಟ್ಟುವ ಹೊತ್ತು. ನಮ್ಮ ಉಸ್ತಾದರು ಎರಡು ಹುಡುಗರನ್ನು ಬಿಡುವ ಮುಂಚೆ ಇಬ್ಬರ ಮುಖವನ್ನೂ ನೋಡುತ್ತಿದ್ದರು. ತೂಕ ಒಂದೇ ಇದ್ದರೆ ಸಾಲದು. ನಿನ್ನೆ ಜ್ವರ ಬಿಟ್ಟವನು ಯಾರು, ಮನೆಯಲ್ಲಿ ಜಗಳ ಆಡಿಕೊಂಡು ಬಂದವನು ಯಾರು, ಯಾರಿಗೆ ಯಾರ ಮೇಲೆ ಹಳೇ ಸಿಟ್ಟಿದೆ, ಎಲ್ಲಾ ಅವರಿಗೆ ಗೊತ್ತಿರುತ್ತಿತ್ತು. ಹಳೇ ಪೈಲ್ವಾನ್ ಹೊಸ ಹುಡುಗನ ಜೊತೆ ಹಿಡಿಯುವಾಗ ಗೆಲ್ಲಬಾರದು, ಕಲಿಸಬೇಕು. ಅವನು ಪಟ್ಟು ಹಾಕುವುದಕ್ಕೆ ಜಾಗ ಕೊಡಬೇಕು, ತಪ್ಪು ಹಾಕಿದರೆ ಮಾತ್ರ ಬಿಡಿಸಿಕೊಳ್ಳಬೇಕು. ಹೊಸಬನನ್ನು ಚಿತ್ ಮಾಡಿ ಮೆರೆದವನಿಗೆ ಅವತ್ತು ಮಟ್ಟಿ ಕೆದರುವ ಕೆಲಸ. ಕೆಮ್ಮಣ್ಣನ್ನು ಗುದ್ದಲಿಯಲ್ಲಿ ಪೂರ್ತಿ ಕೆದರಿ ಹದ ಮಾಡುವುದು ಎಂದರೆ ಮೈ ಬೆವರಿನಲ್ಲಿ ತೋಯುತ್ತದೆ.

ಹೊಸಬರನ್ನು ಬಲಿ ಕೊಡುವ ಕಡೆ ಮಗುವನ್ನು ಬಿಡಬೇಡಿ. ಅದು ಯಾವ ವಿದ್ಯೆಯೇ ಆಗಿರಲಿ.

ಬಟವಾಡಿಯ ತಾಯಿ

ಅಣ್ಣಾ, ತುಂಬಾ ಚೆನ್ನಾಗಿ ಹೇಳಿದಿರಿ. ಆದರೆ ಹೆಣ್ಣುಮಕ್ಕಳನ್ನು ಗರಡಿಗೆ ಬಿಡುತ್ತಾರಾ?

ಕೆಮ್ಮಣ್ಣು

ಹಳೇ ಗರಡಿಗಳಲ್ಲಿ ಇಲ್ಲ ತಾಯಿ. ಅದು ನಿಜ, ಮುಚ್ಚಿಡುವುದಿಲ್ಲ. ಮ್ಯಾಟ್ ಕುಸ್ತಿಯಲ್ಲಿ ಹೆಣ್ಣುಮಕ್ಕಳು ಧಾರಾಳವಾಗಿ ಆಡುತ್ತಾರೆ. ಒಲಿಂಪಿಕ್ಸ್‌ನಲ್ಲಿ 2004ರಿಂದ ಮಹಿಳಾ ಕುಸ್ತಿ ಇದೆ. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಈ ವಿಷಯದಲ್ಲಿ ಗರಡಿಗಳೂ ಬದಲಾಗಬೇಕು ಅನ್ನುವುದು ನನ್ನ ಆಸೆ. ನಿಮ್ಮ ಮಾವನವರ ಹತ್ತಿರ ಮನೆಯಲ್ಲೇ ದಂಡ, ಬಸ್ಕಿ ಕಲಿಯಲಿ. ಯಾವ ವಿದ್ಯೆಗೆ ಹೋದರೂ ಅದು ದಂಡವಾಗುವುದಿಲ್ಲ.

ಜೂಡೋ ಅಕ್ಕ, ಗುಬ್ಬಿ

ನಾನು ಶಾಲೆಯಲ್ಲಿ ಪಿಟಿ ಟೀಚರ್. ಯೂನಿವರ್ಸಿಟಿ ಮಟ್ಟದಲ್ಲಿ ಜೂಡೋ ಆಡಿದ್ದೇನೆ. ಬೇರೆ ಬೇರೆ ವಿದ್ಯೆಯವರು ನಮ್ಮ ಶಾಲೆಗೆ ಬಂದು ಕ್ಲಾಸ್ ನಡೆಸುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಕ್ಷಮಿಸಿ.

ಮೊದಲನೇ ಮಾತು. ಸೇರಿಸುವ ಮುಂಚೆ ಹೋಗಿ ಕೂತು ನೋಡಿ. ಒಂದು ದಿನ ಅಲ್ಲ, ಬೇರೆ ಬೇರೆ ದಿನ. ಹೇಳಿ ಹೋಗುವುದು ಒಂದು ಸಲ, ಹೇಳದೆ ಹೋಗುವುದು ಒಂದು ಸಲ. "ಪೇರೆಂಟ್ಸ್ ಒಳಗೆ ಬರುವ ಹಾಗಿಲ್ಲ, ಮಕ್ಕಳ ಗಮನ ಹಾಳಾಗುತ್ತದೆ" ಅಂದರೆ ಅಲ್ಲಿಗೇ ಕೈಮುಗಿದು ಬನ್ನಿ. ಮಾತಾಡಿಸಬೇಡಿ, ಸುಮ್ಮನೆ ಹಿಂದೆ ಕೂತುಕೊಳ್ಳಿ ಅಂದರೆ ಅದು ಸರಿ.

ಕೂತಾಗ ಮುಂದಿನ ಸಾಲು ನೋಡಬೇಡಿ. ಮುಂದಿನ ಸಾಲಿನ ಮಕ್ಕಳು ಎಲ್ಲ ಕಡೆಯೂ ಚೆನ್ನಾಗಿ ಮಾಡುತ್ತಾರೆ, ಅವರನ್ನು ಅಲ್ಲಿ ನಿಲ್ಲಿಸಿರುವುದೇ ಅದಕ್ಕೆ. ಕೊನೇ ಸಾಲಿನ ಮೂಲೆಯಲ್ಲಿ ಒಂದು ಮಗು ಇರುತ್ತದೆ. ದಪ್ಪಗಿರಬಹುದು, ಪುಕ್ಕಲು ಇರಬಹುದು, ಎಡ ಬಲ ಗೊತ್ತಾಗದೆ ಒದ್ದಾಡುತ್ತಿರಬಹುದು. ಮಾಸ್ಟರ್ ಆ ಮಗುವಿನ ಹತ್ತಿರ ಎಷ್ಟು ಸಲ ಹೋದರು, ಹೋದಾಗ ಏನಂದರು, ಅಷ್ಟು ನೋಡಿ.

ನಾನು ಕಣ್ಣಾರೆ ಕಂಡ ಒಬ್ಬ ಕೋಚ್ ಬಗ್ಗೆ ಹೇಳುತ್ತೇನೆ. ಜೂಡೋದಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಅದಕ್ಕೆ ಉಕೆಮಿ ಅನ್ನುತ್ತೇವೆ. ಕುಕ್ಕರುಗಾಲಲ್ಲಿ ಕೂತು, ಗದ್ದ ಎದೆಗೆ ಅಂಟಿಸಿ, ಸೊಂಟದ ಬೆಲ್ಟಿನ ಗಂಟು ನೋಡುತ್ತಾ ಹಿಂದಕ್ಕೆ ಉರುಳಬೇಕು. ಬೆನ್ನು ತಾಗುವ ಹೊತ್ತಿಗೆ ಎರಡೂ ಕೈ ಮೈಯಿಂದ ಸ್ವಲ್ಪ ದೂರದಲ್ಲಿ ಮ್ಯಾಟಿಗೆ ಪಟ್ ಅಂತ ಬಡಿಯಬೇಕು. ತಲೆ ಮಾತ್ರ ನೆಲ ಮುಟ್ಟಬಾರದು. ಒಬ್ಬ ಹುಡುಗನಿಗೆ ಹಿಂದಕ್ಕೆ ಉರುಳುವುದೆಂದರೆ ಜೀವಭಯ. ಕೂತಲ್ಲೇ ಅಳುತ್ತಿದ್ದ. ಕೋಚ್ ಬೈಯಲಿಲ್ಲ, ಮುದ್ದೂ ಮಾಡಲಿಲ್ಲ. "ನೀನು ಇವತ್ತು ಬೀಳಬೇಡ, ಇವರ ಗದ್ದ ಎದೆಗೆ ಅಂಟಿದೆಯಾ ನೋಡಿ ನನಗೆ ಹೇಳು" ಅಂತ ಕೆಲಸ ಕೊಟ್ಟರು. ಹುಡುಗ ಸಾಲಿನುದ್ದಕ್ಕೂ ಓಡಾಡಿ ಒಬ್ಬೊಬ್ಬರ ಗದ್ದ ನೋಡಿದ. "ಸರ್, ಇವನದು ಎತ್ತಿದೆ" ಅಂತ ಕೂಗಿ ಹೇಳಿದ. ಕ್ಲಾಸ್ ಮುಗಿಯುವ ಹೊತ್ತಿಗೆ ತಾನೇ ಮ್ಯಾಟಿನ ಮೂಲೆಗೆ ಹೋಗಿ ಮಲಗಿದಲ್ಲಿಂದ ಸ್ವಲ್ಪ ಸ್ವಲ್ಪ ಎದ್ದು ಉರುಳುತ್ತಿದ್ದ. ಆ ಕೋಚ್ ಗೋಡೆ ಮೇಲೆ ಒಂದು ಪದಕವೂ ಇರಲಿಲ್ಲ. ಗುರು ಎಂದರೆ ಇವರು ಅನ್ನಿಸಿತು ನನಗೆ.

ಮಗಳಿಗೆ ಯಾವ ವಿದ್ಯೆ ಅಂತ ಕೇಳಿದಿರಿ. ಒಂಬತ್ತು ವರ್ಷದ ಮಗುವಿಗೆ ಬೀಳುವುದು, ಉರುಳುವುದು, ಇನ್ನೊಬ್ಬರ ಬಟ್ಟೆ ಹಿಡಿದು ಎಳೆದಾಡುವುದು ಒಳ್ಳೆ ಶುರು ಅಂತ ನನ್ನ ಅಭಿಪ್ರಾಯ. ಬೀಳಲು ಕಲಿತ ಮಗು ಸೈಕಲ್‌ನಿಂದ ಬಿದ್ದಾಗಲೂ ತಲೆ ಉಳಿಸಿಕೊಳ್ಳುತ್ತದೆ. ಆದರೆ ಮನೆಯಿಂದ ಹದಿನೈದು ನಿಮಿಷದಲ್ಲಿ ಒಳ್ಳೆ ಕರಾಟೆ ಮಾಸ್ಟರ್ ಇದ್ದು, ಊರಾಚೆ ಸಾಧಾರಣ ಜೂಡೋ ಕ್ಲಾಸ್ ಇದ್ದರೆ, ಕರಾಟೆಗೇ ಸೇರಿಸಿ. ಗುರು ಮೊದಲು, ವಿದ್ಯೆ ಆಮೇಲೆ.

ಬಿಳಿ ಬೆಲ್ಟ್

ಅಕ್ಕ, ಕೊನೇ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಗುರು ಎಷ್ಟೇ ಒಳ್ಳೆಯವರಾದರೂ ಎದುರಾಳಿ ನಿಜವಾಗಿ ತಡೆದಾಗ ಕೆಲಸ ಮಾಡದ ವಿದ್ಯೆ ಕಲಿತು ಏನು ಪ್ರಯೋಜನ? ನಾನು ಬೆಂಗಳೂರಿಗೆ ಟ್ರೈನಿನಲ್ಲಿ ಓಡಾಡುವವನು. ಕೆಲಸ ಮುಗಿಸಿ ಅಲ್ಲೇ ಬ್ರೆಜಿಲಿಯನ್ ಜಿಯು ಜಿಟ್ಸು ಕಲಿಯುತ್ತೇನೆ, ನೆಲದ ಮೇಲೆ ಹಿಡಿದು ಸೋಲಿಸುವ ವಿದ್ಯೆ ಅದು. ಅಲ್ಲಿ ಪ್ರತಿ ಕ್ಲಾಸಿನಲ್ಲೂ ರೋಲಿಂಗ್ ಇರುತ್ತದೆ, ಅಂದರೆ ಎದುರಿನವರು ಪೂರ್ತಿ ಬಲ ಹಾಕಿ ತಡೆಯುತ್ತಾರೆ. ಸಿಕ್ಕಿಬಿದ್ದರೆ ಕೈಯಿಂದ ತಟ್ಟಬೇಕು, ತಟ್ಟಿದ ತಕ್ಷಣ ಬಿಡಬೇಕು. ನನಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಅವತ್ತವತ್ತೇ ಗೊತ್ತಾಗುತ್ತದೆ.

ಬೆಲ್ಟ್ ಬಗ್ಗೆ ಶಿರಾ ಗೇಟ್ ಸರ್ ಹೇಳಿದ್ದು ಓದಿ ಬೇಜಾರಾಯಿತು. ನಮ್ಮಲ್ಲಿ ಬಿಳಿ ಬಿಟ್ಟರೆ ದೊಡ್ಡವರಿಗೆ ಇರುವುದು ನೀಲಿ, ನೇರಳೆ, ಕಂದು, ಕಪ್ಪು. ಕಪ್ಪು ಬೆಲ್ಟಿಗೆ ಹತ್ತು ವರ್ಷ ಹಿಡಿಯುವುದು ಮಾಮೂಲು. ಅಂತರರಾಷ್ಟ್ರೀಯ ಫೆಡರೇಷನ್ ನಿಯಮದಲ್ಲಿ 16 ವರ್ಷ ಆಗುವ ತನಕ ನೀಲಿ ಬೆಲ್ಟೇ ಇಲ್ಲ. ಹತ್ತು ವರ್ಷದ ಮಗುವಿಗೆ ಬ್ಲ್ಯಾಕ್ ಬೆಲ್ಟ್ ಕೊಟ್ಟು ಪೇಪರಿನಲ್ಲಿ ಫೋಟೋ ಹಾಕಿಸುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಕರಾಟೆ ಮಾಸ್ಟರ್, ತಿಪಟೂರು

ಬಹಳ ವರ್ಷಗಳಿಂದ ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದೇನೆ. ಶಿರಾ ಗೇಟ್ ಸರ್ ಹೇಳಿದ್ದು ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಕರಾಟೆಯಲ್ಲಿ ಸಂಘಗಳು ಜಾಸ್ತಿ, ಒಂದೊಂದು ಸಂಘವೂ ತನ್ನದೇ ಸರ್ಟಿಫಿಕೇಟ್ ಅಚ್ಚು ಹಾಕುತ್ತದೆ. ಸೇರಿಸುವ ಮುಂಚೆ ಎರಡು ಮಾತು ಕೇಳಿ. ವರ್ಷಕ್ಕೆ ಒಟ್ಟು ಎಷ್ಟು ಖರ್ಚು, ಗ್ರೇಡಿಂಗ್ ಸೇರಿಸಿ ಬರೆದು ಕೊಡಿ ಅನ್ನಿ. ಕಳೆದ ಗ್ರೇಡಿಂಗ್‌ನಲ್ಲಿ ಎಷ್ಟು ಮಕ್ಕಳನ್ನು ಮುಂದಿನ ಸಲ ಬನ್ನಿ ಅಂತ ಕಳಿಸಿದಿರಿ ಅಂತಲೂ ಕೇಳಿ. ಮುಖ ಗಂಟು ಹಾಕಿಕೊಂಡರೆ ಉತ್ತರ ಸಿಕ್ಕಿತು ಅಂದುಕೊಳ್ಳಿ.

ಈಗ ಬಿಳಿ ಬೆಲ್ಟ್ ತಮ್ಮನಿಗೆ. ಕರಾಟೆ ಅಂದರೆ ಗಾಳಿಯಲ್ಲಿ ಪಂಚ್ ಹೊಡೆಯುವುದು ಅಂತ ನೀವು ಅಂದುಕೊಂಡಿದ್ದರೆ ಎಲ್ಲೋ ಕೆಟ್ಟ ಕ್ಲಾಸ್ ನೋಡಿದ್ದೀರಿ. ಕಟಾ ಇದೆ, ಎದುರಾಳಿಯ ಜೊತೆ ಕಾದುವ ಕುಮಿಟೆಯೂ ಇದೆ. ಮಸುತಾತ್ಸು ಒಯಾಮಾ ಕಟ್ಟಿದ ಕ್ಯೋಕುಶಿನ್ ಅನ್ನುವ ಕರಾಟೆ ಶೈಲಿಯಲ್ಲಿ ಮೈಗೆ ಪೂರ್ತಿ ಬಲದಲ್ಲೇ ಹೊಡೆಯುತ್ತಾರೆ. ಎಲ್ಲ ವಿದ್ಯೆಯವರೂ ಕಾದಾಡುವ ಯುಎಫ್‌ಸಿ ಪಂದ್ಯಗಳಲ್ಲಿ ಚಾಂಪಿಯನ್ ಆದ ಜಾರ್ಜ್ ಸೇಂಟ್ ಪಿಯರ್ ಮಗುವಾಗಿದ್ದಾಗ ಕಲಿತಿದ್ದು ಕ್ಯೋಕುಶಿನ್. ಅಲ್ಲೇ ಕಾದಿದ ಲ್ಯೋಟೋ ಮಚಿಡಾ ಬಂದಿದ್ದು ಶೋಟೋಕಾನ್ ಅನ್ನುವ ಕರಾಟೆ ಶೈಲಿಯಿಂದ. ಒಂದೇ ಕಟಾವನ್ನು ವರ್ಷಗಟ್ಟಲೆ ಮಾಡುವುದು ಸಂಗೀತದಲ್ಲಿ ಸರಳೆ ಜಂಟಿ ಮಾಡಿದ ಹಾಗೆ. ಕಛೇರಿಯಲ್ಲಿ ಯಾರೂ ಸರಳೆ ಹಾಡುವುದಿಲ್ಲ, ಆದರೆ ಸರಳೆ ಗಟ್ಟಿ ಇಲ್ಲದವರ ಕಛೇರಿ ಕೇಳುವುದಕ್ಕಾಗುವುದಿಲ್ಲ.

ಇನ್ನೊಂದು ವಿಷಯ. ಬೇರೆ ವಿದ್ಯೆ ಕಲಿಯುತ್ತೇನೆ ಅಂದ ಶಿಷ್ಯನ ಮೇಲೆ ಕೋಪ ಮಾಡಿಕೊಳ್ಳುವ ಮಾಸ್ಟರ್‌ಗಳು ಇದ್ದಾರೆ. ಇದು ಕರಾಟೆಯ ಸಂಪ್ರದಾಯವೇ ಅಲ್ಲ. ಓಕಿನಾವಾದಿಂದ ಬಂದು 1922ರಲ್ಲಿ ಟೋಕಿಯೋದಲ್ಲಿ ಕರಾಟೆ ತೋರಿಸಿದ ಗಿಚಿನ್ ಫುನಾಕೋಶಿ ಕಲಿತಿದ್ದು ಅಜಾಟೋ, ಇಟೋಸು ಅನ್ನುವ ಇಬ್ಬರು ಗುರುಗಳ ಹತ್ತಿರ. ಶಿಟೋ ರ್ಯೂ ಶೈಲಿ ಕಟ್ಟಿದ ಕೆನ್ವಾ ಮಬುನಿ ಇಟೋಸು ಹತ್ತಿರವೂ ಕಲಿತರು, ಹಿಗಾವೊನ್ನಾ ಹತ್ತಿರವೂ ಕಲಿತರು. ಇಬ್ಬರ ಪಾಠದ ರೀತಿ ಬೇರೆ ಬೇರೆ. ಗುರುಗಳಿಗೇ ಇಬ್ಬರು ಗುರುಗಳಿದ್ದಾಗ ನಮ್ಮ ಶಿಷ್ಯರನ್ನು ಕಟ್ಟಿಹಾಕುವುದಕ್ಕೆ ನಾವು ಯಾರು?

ಬಿಳಿ ಬೆಲ್ಟ್

ಸರ್, ನಾನು ನೋಡಿದ ಕರಾಟೆ ಕ್ಲಾಸುಗಳಲ್ಲಿ ಕುಮಿಟೆ ಬರೀ ಟೂರ್ನಮೆಂಟ್ ಹತ್ತಿರ ಬಂದಾಗ ಮಾತ್ರ ಇರುತ್ತಿತ್ತು. ನಿಮ್ಮಲ್ಲಿ ವಾರವಾರ ಇದ್ದರೆ ಸಂತೋಷ. ನನ್ನ ಪ್ರಶ್ನೆ ಅಷ್ಟೇ: ಎದುರಿನವರು ತಡೆಯುವ ಅಭ್ಯಾಸ ಇದೆಯಾ, ಇಲ್ಲವಾ? ಸೇರುವವರು ಇದನ್ನು ಕೇಳಲೇಬೇಕು.

ಕರಾಟೆ ಮಾಸ್ಟರ್, ತಿಪಟೂರು

ಕೇಳಲೇಬೇಕು, ಒಪ್ಪಿದೆ. ಹತ್ತು ವರ್ಷದೊಳಗಿನವರಿಗೆ ನಾನು ತಲೆಗೆ ಹೊಡೆತ ಬಿಡುವುದಿಲ್ಲ, ಅದನ್ನೂ ಸೇರಿಸಿ ಓದಿಕೊಳ್ಳಿ.

ಫಿಸಿಯೋ, ಕುಣಿಗಲ್ ರಸ್ತೆ

ತಲೆ ವಿಷಯ ಬಂತಲ್ಲ, ನನ್ನ ಕೆಲಸದ ಮಾತು ಹೇಳುತ್ತೇನೆ. ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಪರು, ಈಗ ತಾನೇ ಆಗಿದ್ದು ಮರೆಯುವುದು, ಕಣ್ಣು ಮಂಜಾಗುವುದು, ಇದರಲ್ಲಿ ಒಂದು ಕಂಡರೂ ಅವತ್ತಿನ ಆಟ ಅಲ್ಲಿಗೇ ಮುಗಿಯಬೇಕು. ನೀರು ಚಿಮುಕಿಸಿ ಮತ್ತೆ ನಿಲ್ಲಿಸುವ ಹಾಗಿಲ್ಲ, ಡಾಕ್ಟರ್ ಹತ್ತಿರ ಹೋಗಬೇಕು. ಹೆಲ್ಮೆಟ್ ಥರದ ಹೆಡ್‌ಗಾರ್ಡ್ ಇದೆಯಲ್ಲ ಅಂತ ಧೈರ್ಯ ಬೇಡ. ಅದು ಚರ್ಮ ಒಡೆಯುವುದನ್ನು ತಡೆಯುತ್ತದೆ, ಒಳಗೆ ಮೆದುಳು ಅಲುಗಾಡುವುದನ್ನು ತಡೆಯುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ.

ನನ್ನ ಹತ್ತಿರ ಬರುವ ಮಕ್ಕಳಲ್ಲಿ ಜಾಸ್ತಿ ಕಾಣುವುದು ಹೊಡೆತದ ಗಾಯ ಅಲ್ಲ. ಸ್ಪ್ಲಿಟ್ ಬರಲಿ ಅಂತ ಬೆನ್ನ ಮೇಲೆ ಕೂತು ಒತ್ತಿದ್ದರಿಂದ ತೊಡೆಸಂದಿನ ಸ್ನಾಯು ಹರಿದಿರುತ್ತದೆ. ಬರಿ ಸಿಮೆಂಟ್ ನೆಲದ ಮೇಲೆ ಬಾತುಕೋಳಿ ನಡಿಗೆ ಮಾಡಿಸಿ ಮಂಡಿ ಊದಿರುತ್ತದೆ. ಗೆಣ್ಣಿನ ಮೇಲೆ ಪುಷಪ್, ಹೆಂಚು ಒಡೆಯುವುದು, ಇವು ಎಲುಬು ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಬೇಡವೇ ಬೇಡ. ಟೂರ್ನಮೆಂಟಿಗೆ ತೂಕ ಇಳಿಸಲು ಮಗುವನ್ನು ಉಪವಾಸ ಕೆಡವುವವರೂ ಇದ್ದಾರೆ. ಅಂಥವರ ಹತ್ತಿರ ಒಂದು ದಿನವೂ ಬಿಡಬಾರದು.

ಬಟವಾಡಿಯ ತಾಯಿಯವರೇ, ನೀವೂ ಸೇರುತ್ತೀರಿ ಅಂದಿರಿ. ಮಂಡಿ, ಸೊಂಟ, ಬಿಪಿ, ಸಿಸೇರಿಯನ್ ಆಗಿದ್ದರೆ ಅದು, ಎಲ್ಲವನ್ನೂ ಮೊದಲ ದಿನವೇ ಹೇಳಿ. ಕೇಳಿಸಿಕೊಂಡು "ಹಾಗಾದರೆ ಇದನ್ನು ಹೀಗೆ ಮಾಡಿ" ಅಂದರೆ ತಿಳಿದವರು. "ಏನೂ ಆಗಲ್ಲ ಬನ್ನಿ ಮೇಡಂ" ಅಂದರೆ ಸ್ವಲ್ಪ ಯೋಚನೆ ಮಾಡಿ.

ಮ್ಯಾಟ್ ಇರುವ ಕಡೆ ಇನ್ನೊಂದು: ಕ್ಲಾಸ್ ಆದ ಮೇಲೆ ಮ್ಯಾಟ್ ಒರೆಸುತ್ತಾರಾ ನೋಡಿ. ಹುಳುಕಡ್ಡಿ ಒಬ್ಬರಿಗೆ ಬಂದರೆ ಇಡೀ ಬ್ಯಾಚಿಗೆ ಹರಡುತ್ತದೆ.

ಮಧುಗಿರಿ ಹುಡುಗ

ಎಲ್ಲಾ ಓದಿದೆ. ನನ್ನದು ಬೇರೆ ಪ್ರಶ್ನೆ. ಈಗ ಪಿಯು ಮುಗಿಸಿ ತುಮಕೂರಿಗೆ ಡಿಗ್ರಿಗೆ ಬಂದಿದ್ದೇನೆ. ಎಂಎಂಎ, ಅಂದರೆ ಹೊಡೆತ ಹಿಡಿತ ಎಲ್ಲಾ ಸೇರಿದ ಕಾದಾಟ, ಆಡುವ ಆಸೆ. ಬೆಳಿಗ್ಗೆ ಬಾಕ್ಸಿಂಗ್, ಸಂಜೆ ಕರಾಟೆ, ವಾರದ ಕೊನೆಗೆ ಬೆಂಗಳೂರಲ್ಲಿ ಜಿಯು ಜಿಟ್ಸು, ಜೊತೆಗೆ ಮುಯ್ ಥಾಯ್ (ಥಾಯ್ಲೆಂಡಿನ ಬಾಕ್ಸಿಂಗ್) ಕೂಡ ಶುರು ಮಾಡಬಹುದಾ?

ಬಿಳಿ ಬೆಲ್ಟ್

ತಮ್ಮಾ, ಒಂದು ಹಿಡಿ. 1993ರಲ್ಲಿ ಮೊದಲ ಯುಎಫ್‌ಸಿ ನಡೆದಾಗ ಬಂದವರು ಒಬ್ಬೊಬ್ಬರೂ ಒಂದೊಂದು ವಿದ್ಯೆಯವರು. ಗೆದ್ದಿದ್ದು ರಾಯ್ಸ್ ಗ್ರೇಸಿ, ತನಗಿಂತ ದಪ್ಪ ಇದ್ದವರನ್ನು ನೆಲಕ್ಕೆಳೆದು ಸೋಲಿಸಿದರು. ಆಮೇಲೆ ಎಲ್ಲರೂ ಎಲ್ಲವನ್ನೂ ಕಲಿಯುವುದಕ್ಕೆ ಶುರು ಮಾಡಿದರು. ಆದರೂ ಒಬ್ಬೊಬ್ಬರಿಗೂ ಅಡಿಪಾಯ ಅಂತ ಒಂದು ಇದ್ದೇ ಇರುತ್ತದೆ. ಕಷ್ಟದಲ್ಲಿ ಸಿಕ್ಕಿಕೊಂಡಾಗ ಮೈ ತಾನಾಗಿ ಹೋಗುವುದು ಆ ಕಡೆಗೇ.

ಜೂಡೋ ಅಕ್ಕ, ಗುಬ್ಬಿ

ಹೌದಪ್ಪ. ಬಾಕ್ಸಿಂಗ್‌ನಲ್ಲಿ ಹಿಮ್ಮಡಿ ಎತ್ತಿ ಹಗುರವಾಗಿ ನಿಲ್ಲು ಅನ್ನುತ್ತಾರೆ. ಶೋಟೋಕಾನ್‌ನಲ್ಲಿ ಉದ್ದಕ್ಕೆ ಕಾಲಿಟ್ಟು ಕೆಳಗೆ ಕೂರು ಅನ್ನುತ್ತಾರೆ. ಮುಯ್ ಥಾಯ್‌ನಲ್ಲಿ ಮುಂದಿನ ಕಾಲು ಒದೆ ತಡೆಯುವುದಕ್ಕೆ ಸದಾ ಸಿದ್ಧ ಇರಬೇಕು. ಮೂರನ್ನೂ ಒಂದೇ ವಾರದಲ್ಲಿ ಶುರು ಮಾಡಿದರೆ ನಿನ್ನ ಕಾಲಿಗೆ ಯಾರ ಮಾತು ಕೇಳಬೇಕು ಅಂತ ಗೊತ್ತಾಗುವುದಿಲ್ಲ. ಒಂದರಲ್ಲಿ ನಿಲ್ಲುವುದು, ನಡೆಯುವುದು ಯೋಚನೆ ಮಾಡದೆ ಬರುವ ಹಂತಕ್ಕೆ ಬಂದ ಮೇಲೆ ಎರಡನೆಯದು ಸೇರಿಸು. ಸೇರಿಸುವಾಗ ಅದೇ ಥರದ್ದು ಬೇಡ. ಹೊಡೆಯುವ ವಿದ್ಯೆ ಕಲಿತಿದ್ದರೆ ಹಿಡಿಯುವ ವಿದ್ಯೆಗೆ ಹೋಗು, ಹಿಡಿಯುವುದು ಕಲಿತಿದ್ದರೆ ಹೊಡೆಯುವುದಕ್ಕೆ ಹೋಗು.

ಜೂಡೋ ಹುಟ್ಟಿದ್ದೇ ಹಾಗೆ. ಜಿಗೋರೋ ಕಾನೋ ಹುಡುಗನಾಗಿದ್ದಾಗ ತೆಳ್ಳಗಿದ್ದರು, ಬೇರೆ ಹುಡುಗರ ಕಾಟ ತಡೆಯಲಾಗದೆ ಜುಜುತ್ಸು ಕಲಿಯಬೇಕು ಅಂತ ಹೊರಟರು. ಆಗ ಜಪಾನಿನಲ್ಲಿ ಆ ಹಳೇ ವಿದ್ಯೆ ಮೂಲೆಗೆ ಬಿದ್ದಿತ್ತು. ಯಾರೂ ಗುರು ಸಿಗಲಿಲ್ಲ. ಮೂಳೆ ಕೂರಿಸುವವರಿಗೆ ಈ ವಿದ್ಯೆ ಗೊತ್ತಿರುತ್ತದೆ ಅಂತ ಯೋಚಿಸಿ ಅಂಥವರನ್ನು ಹುಡುಕಿಕೊಂಡು ಹೋದರು. ಅಂಥ ಒಬ್ಬರು ತೋರಿಸಿದ ದಾರಿಯಲ್ಲಿ ಫುಕುಡಾ ಅನ್ನುವ ಗುರು ಸಿಕ್ಕರು. ಅವರು ತೀರಿಕೊಂಡ ಮೇಲೆ ಇಸೋ ಹತ್ತಿರ ಕಲಿತರು, ಆಮೇಲೆ ಇಕುಬೋ ಹತ್ತಿರ ಬೇರೊಂದು ಪಂಥದ ಎಸೆತಗಳನ್ನು ಕಲಿತರು. 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಸ್ಥಾನದಲ್ಲಿ ಹನ್ನೆರಡು ಚಾಪೆ ಹಾಸಿ ಕೊಡೋಕಾನ್ ಅನ್ನುವ ತಮ್ಮ ಜೂಡೋ ಶಾಲೆ ಶುರು ಮಾಡಿದಾಗ ಆ ಎಲ್ಲರ ಪಾಠವೂ ಅದರೊಳಗೆ ಸೇರಿತ್ತು. ಆದರೆ ಅವರು ಒಂದೊಂದನ್ನೂ ಕೂತು ಕಲಿತರು. ಆತುರ ಮಾಡಬೇಡ, ನಿನಗೆ ವಯಸ್ಸಿದೆ.

ಕೆಮ್ಮಣ್ಣು

ಮಧುಗಿರಿ ತಮ್ಮಾ, ಒಂದೆರಡು ತಿಂಗಳು ನಮ್ಮ ಮಣ್ಣಿಗೂ ಬಾ. ಕುತ್ತಿಗೆ, ಸೊಂಟ ಗಟ್ಟಿಯಾಗುತ್ತದೆ. ಎಲ್ಲಿ ಹೋದರೂ ಬೇಕಾಗುತ್ತದೆ.

ಎರಡು ಹೆಣ್ಣುಮಕ್ಕಳ ಅಪ್ಪ

ಯಾರೂ ಎತ್ತದ ವಿಷಯ ಒಂದಿದೆ, ನೇರವಾಗಿ ಹೇಳುತ್ತೇನೆ. ಮಕ್ಕಳ ಮೈಮುಟ್ಟಿ ಹೇಳಿಕೊಡುವ ವಿದ್ಯೆ ಇದು. ಒಳ್ಳೆ ಮಾಸ್ಟರ್ ಮುಟ್ಟುವ ಮುಂಚೆ "ಕೈ ಸರಿ ಮಾಡಲಾ?" ಅಂತ ಕೇಳುತ್ತಾರೆ, ಅಥವಾ ದೊಡ್ಡ ಹುಡುಗಿಯೊಬ್ಬಳನ್ನು ಕರೆದು ತೋರಿಸುತ್ತಾರೆ. ಬಾಗಿಲು ತೆರೆದಿರುತ್ತದೆ. "ನಿಮ್ಮ ಮಗಳಿಗೆ ಟ್ಯಾಲೆಂಟ್ ಇದೆ, ಒಬ್ಬಳನ್ನೇ ಬೇಗ ಕಳಿಸಿ" ಅಂದರೆ ಹುಷಾರು. ಮಗುವಿಗೆ ರಾತ್ರಿ ಹೊತ್ತು ಮೆಸೇಜ್ ಮಾಡುವುದು, ಅಪ್ಪ ಅಮ್ಮನಿಗೆ ಹೇಳಬೇಡ ಅನ್ನುವುದು, ಬೇರೆ ಊರಿನ ಟೂರ್ನಮೆಂಟಿಗೆ ಹೆಣ್ಣುಮಕ್ಕಳನ್ನು ಮಹಿಳೆಯರು ಯಾರೂ ಇಲ್ಲದೆ ಕರೆದುಕೊಂಡು ಹೋಗುವುದು, ಇವು ಯಾವುದನ್ನೂ ಗುರುಭಕ್ತಿ ಹೆಸರಿನಲ್ಲಿ ಸಹಿಸಬೇಡಿ.

ಮಗು ಏನಾದರೂ ಹೇಳಿದರೆ ಮೊದಲು ನಂಬಿ. ಮಕ್ಕಳ ಸಹಾಯವಾಣಿ 1098. 2012ರ ಪೋಕ್ಸೊ ಕಾಯ್ದೆಯಲ್ಲಿ ಗೊತ್ತಿದ್ದವರು ದೂರು ಕೊಡಲೇಬೇಕು ಅಂತ ಇದೆ. ಮರ್ಯಾದೆ ಅಂತ ಮುಚ್ಚಿಟ್ಟರೆ ಇನ್ನೊಬ್ಬರ ಮಗುವಿಗೂ ಅದೇ ಗತಿ.

ಜೂಡೋ ಅಕ್ಕ, ಗುಬ್ಬಿ

ಬರೆದಿದ್ದಕ್ಕೆ ಧನ್ಯವಾದ ಸರ್. ನಾನೇ ಬರೆಯಬೇಕಿತ್ತು. ಇದರ ಜೊತೆ ಇನ್ನೊಂದು: ಹೊಡೆದು ಕಲಿಸುವವರು. ಬೆತ್ತ ಹಿಡಿದು ನಿಲ್ಲುವುದು ಶಿಸ್ತಲ್ಲ. ಕಾಲು ಎತ್ತಲಿಲ್ಲ ಅಂತ ತೊಡೆಗೆ ಬಾರಿಸಿದರೆ ಮಗು ಕಾಲು ಎತ್ತುವುದು ಕಲಿಯುವುದಿಲ್ಲ, ಹೆದರುವುದು ಕಲಿಯುತ್ತದೆ.

ಕ್ಯಾತ್ಸಂದ್ರ

ಕೇರಳದ ಹಳೇ ಕಾಳಗದ ವಿದ್ಯೆ ಕಳರಿ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಕೇರಳದ ವಡಗರದಲ್ಲಿ ಕಲಿಸುವ ಮೀನಾಕ್ಷಿ ಅಮ್ಮ ಅಂದರೆ ಬಹಳ ಗೌರವ. ಏಳನೇ ವಯಸ್ಸಿಗೆ ಕಲಿಯಲು ಶುರು ಮಾಡಿದವರು, ಎಪ್ಪತ್ತು ದಾಟಿದ ಮೇಲೂ ಸೀರೆ ಕಚ್ಚೆ ಕಟ್ಟಿ ಕತ್ತಿ ಹಿಡಿಯುತ್ತಾರೆ. 2017ರಲ್ಲಿ ಪದ್ಮಶ್ರೀ ಬಂತು. ಕಳರಿಯಲ್ಲಿ ಮೊದಲು ಮೆಯ್ತಾರಿ, ಅಂದರೆ ಬರೀ ಮೈ ಪಳಗಿಸುವುದು. ಆಮೇಲೆ ಕೋಲು, ಆಮೇಲೆ ಕತ್ತಿ ಗುರಾಣಿ, ಬರಿಗೈ ಕಾಳಗ ಎಲ್ಲಕ್ಕಿಂತ ಕೊನೆಗೆ. ವಾರಾಂತ್ಯದ ವರ್ಕ್‌ಶಾಪಿನಲ್ಲಿ ಮೊದಲ ದಿನವೇ ಕೈಗೆ ಕತ್ತಿ ಕೊಟ್ಟು ಫೋಟೋ ತೆಗೆಸುವವರು ಆ ದಾರಿಯವರಲ್ಲ.

ಶಿರಾ ಗೇಟ್

ಸರ್ಟಿಫಿಕೇಟ್ ಪೂರ್ತಿ ಬಿಟ್ಟುಬಿಡಬೇಕಾ ಹಾಗಾದರೆ? ಏನಾದರೂ ನೋಡುವುದಕ್ಕೆ ಇದೆಯಾ?

ಕರಾಟೆ ಮಾಸ್ಟರ್, ತಿಪಟೂರು

ಇದೆ ಸರ್. ಕುಸ್ತಿ, ಜೂಡೋ, ಬಾಕ್ಸಿಂಗ್ ಕೋಚ್ ಆದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಿದ್ದೀರಾ ಕೇಳಿ. ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ, ಎರಡೂ ಒಂದೇ ಅಲ್ಲ. ಟೇಕ್ವಾಂಡೋ ಆದರೆ ದಕ್ಷಿಣ ಕೊರಿಯಾದ ಕುಕ್ಕಿವಾನ್ ಸಂಸ್ಥೆ ಕೊಟ್ಟ ಡಾನ್, ಅಂದರೆ ಬ್ಲ್ಯಾಕ್ ಬೆಲ್ಟ್ ದರ್ಜೆಯ, ಸರ್ಟಿಫಿಕೇಟ್ ಇದೆಯಾ ನೋಡಿ. ಅದಕ್ಕೆ ನಂಬರ್ ಇರುತ್ತದೆ. ಅಲ್ಲಿ 15ರ ಒಳಗಿನ ಮಕ್ಕಳಿಗೆ ಡಾನ್ ಕೊಡುವುದಿಲ್ಲ, ಪೂಮ್ ಅಂತ ಕೊಡುತ್ತಾರೆ. ಕರಾಟೆ ಆದರೆ ಯಾವ ಶೈಲಿ, ನಿಮ್ಮ ಗುರು ಯಾರು, ಈಗಲೂ ಅವರ ಹತ್ತಿರ ಹೋಗುತ್ತೀರಾ ಅಂತ ಕೇಳಿ. ಈಗಲೂ ಕಲಿಯುತ್ತಿರುವವರು ಕಣ್ಣರಳಿಸಿಕೊಂಡು ಹೇಳುತ್ತಾರೆ.

ಕಾಗದ ಸರಿ ಇದ್ದರೆ ಕೆಲಸ ಗೊತ್ತಿದೆ ಅಂತ ಅರ್ಥ. ಮಗುವಿನ ಜೊತೆ ಹೇಗಿರುತ್ತಾರೆ ಅನ್ನುವುದಕ್ಕೆ ಜೂಡೋ ಅಕ್ಕ ಹೇಳಿದ ಕೊನೇ ಸಾಲೇ ಸಾಕ್ಷಿ. ನಾಳೆಯಿಂದ ನನ್ನ ಕ್ಲಾಸಿನ ಸಾಲನ್ನೂ ಅದಲು ಬದಲು ಮಾಡುತ್ತೇನೆ.

ಬಟವಾಡಿಯ ತಾಯಿ

ನೀವೆಲ್ಲ ಹೇಳಿದ ಹಾಗೆ ಮಗಳನ್ನೂ ಕರೆದುಕೊಂಡು ಕ್ಲಾಸುಗಳಿಗೆ ಹೋಗಿ ಕೂತು ನೋಡಿ ಬಂದೆವು. ಒಂದು ಕಡೆ ಹೊರಗೆ ಕುರ್ಚಿ ಹಾಕಿದ್ದರು, ಒಳಗೆ ಬಿಡಲಿಲ್ಲ. ಇನ್ನೊಂದು ಕಡೆ ಮಕ್ಕಳು ತುಂಬಾ ಚುರುಕು, ಡ್ರೆಸ್ ಎಲ್ಲ ಬೆಳ್ಳಗೆ. ಆದರೆ ಒಬ್ಬ ಹುಡುಗ ಮೊಣಕೈ ಹಿಡಿದುಕೊಂಡು ಕೂತಿದ್ದ, ಅಷ್ಟು ಹೊತ್ತಾದರೂ ಯಾರೂ ಏನಾಯಿತು ಅಂತ ಕೇಳಲಿಲ್ಲ. ಮೂರನೆಯದು ಜೂಡೋ. ಮ್ಯಾಟ್ ಹಳೇದು, ಜಾಗ ಚಿಕ್ಕದು. ಮೇಡಂ ಒಬ್ಬರು ಹೇಳಿಕೊಡುತ್ತಾರೆ. ಒಂದು ಮಗು ಮ್ಯಾಟಿಗೆ ತಟ್ಟಿತು, ದೊಡ್ಡ ಹುಡುಗ ಬಿಡುವುದು ಸ್ವಲ್ಪ ತಡ ಆಯಿತು. ಮೇಡಂ ಇಡೀ ಕ್ಲಾಸ್ ನಿಲ್ಲಿಸಿದರು. ಜೋರು ಮಾಡಲಿಲ್ಲ. ತಟ್ಟಿದರೆ ಬಿಡಬೇಕು ಅಂತ ಎಲ್ಲರ ಹತ್ತಿರವೂ ಮತ್ತೆ ಮಾಡಿಸಿದರು, ಆ ಹುಡುಗನಿಂದಲೇ ಮೊದಲು. ಮಗಳು ನನ್ನ ಕೈ ಒತ್ತಿ ಇಲ್ಲೇ ಅಮ್ಮ ಅಂದಳು.

ಅವಳನ್ನು ಅಲ್ಲಿಗೇ ಸೇರಿಸುತ್ತಿದ್ದೇವೆ. ದೊಡ್ಡವರಿಗೆ ಬೆಳಿಗ್ಗೆ ಬ್ಯಾಚ್ ಇದೆಯಂತೆ, ನಾನೂ ಹೆಸರು ಕೊಟ್ಟೆ. ಮಂಡಿ ವಿಷಯ ಹೇಳಿದೆ, ಮೊದಲ ತಿಂಗಳು ಎಸೆತ ಇಲ್ಲ, ಬರೀ ಉಕೆಮಿ ಮತ್ತು ನೆಲದ ಮೇಲಿನ ಪಾಠ ಅಂದರು. ಮಾವನವರು ಮೊಮ್ಮಗಳಿಗೆ ದಿನಾ ಬೆಳಿಗ್ಗೆ ಬಸ್ಕಿ ಹೊಡೆಸುತ್ತಿದ್ದಾರೆ.

ಜೂಡೋ ಅಕ್ಕ, ಮೊದಲ ದಿನಕ್ಕೆ ಏನು ತಗೊಂಡು ಹೋಗಬೇಕು? ಡ್ರೆಸ್ ಈಗಲೇ ಕೊಳ್ಳಬೇಕಾ?

ಜೂಡೋ ಅಕ್ಕ, ಗುಬ್ಬಿ

ತುಂಬಾ ಖುಷಿಯಾಯಿತು! ಡ್ರೆಸ್ ಈಗಲೇ ಬೇಡ. ಗಟ್ಟಿ ಹೊಲಿಗೆಯ ಟ್ರ್ಯಾಕ್ ಪ್ಯಾಂಟ್, ಉದ್ದ ತೋಳಿನ ದಪ್ಪ ಟೀ ಶರ್ಟ್ ಸಾಕು, ಜಿಪ್ ಮತ್ತು ಬಟನ್ ಇಲ್ಲದ್ದು. ಇಬ್ಬರೂ ಕೈ ಕಾಲಿನ ಉಗುರು ಚಿಕ್ಕದಾಗಿ ಕತ್ತರಿಸಿಕೊಳ್ಳಿ. ಓಲೆ, ಬಳೆ, ಕಾಲುಂಗುರ, ಸರ ತೆಗೆದಿಡಿ, ಮಾಂಗಲ್ಯ ತೆಗೆಯಲು ಮನಸ್ಸಾಗದಿದ್ದರೆ ಮೇಡಂ ಹತ್ತಿರ ಮಾತಾಡಿ ಬಟ್ಟೆಯೊಳಗೆ ಭದ್ರ ಮಾಡಿಕೊಳ್ಳಿ. ಕೂದಲಿಗೆ ಕ್ಲಿಪ್ ಬೇಡ, ಬರೀ ರಬ್ಬರ್ ಬ್ಯಾಂಡ್. ಮ್ಯಾಟಿನ ತನಕ ಹಾಕಿಕೊಂಡು ಹೋಗಲು ಚಪ್ಪಲಿ, ಕುಡಿಯುವ ನೀರು, ಒಂದು ಟವೆಲ್. ಕ್ಲಾಸಿಗೆ ಎರಡು ಗಂಟೆ ಮುಂಚೆ ಊಟ ಮುಗಿದಿರಲಿ.

ತಿಂಗಳಾದ ಮೇಲೆ ಜೂಡೋ ಗಿ, ಅಂದರೆ ಜೂಡೋ ಡ್ರೆಸ್, ತಗೊಳ್ಳುವಾಗ ಮಗಳಿಗೆ ಒಂದು ಸೈಜ್ ದೊಡ್ಡದೇ ತಗೊಳ್ಳಿ. ಕಾಟನ್ ಬಟ್ಟೆ ಒಗೆದರೆ ಕುಗ್ಗುತ್ತದೆ, ಅವಳೂ ಬೆಳೆಯುತ್ತಾಳೆ. ಕರಾಟೆ ಡ್ರೆಸ್ ತೆಳ್ಳಗಿರುತ್ತದೆ, ಹಿಡಿದು ಎಳೆದರೆ ಹರಿಯುತ್ತದೆ, ಅಂಗಡಿಯಲ್ಲಿ ಅದನ್ನೇ ಕೊಟ್ಟರೆ ಬೇಡ ಅನ್ನಿ.